ನಮ್ಮ ಗಂಗಾಳದಲ್ಲಿ ಹೈನಿನ ಪಾಲು



ಇಂದು ನಿಮ್ಮೊಡನೆ ಮಾತನಾಡಲು ಆರಿಸಿಕೊಂಡ ವಿಷಯ ನಿಮಗೆ ಹೊಸದೇನೂ ಅಲ್ಲ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಇವೆಲ್ಲವನ್ನೂ ಕೂಡಿಸಿ ನಮ್ಮ ಹಿರಿಯರು 'ಹೈನು' ಎಂಬ ಒಂದೇ ಚಿಕ್ಕ ಮಾತಿನಲ್ಲಿ ಕರೆದರು. ಒಂದು ಮನೆಯಲ್ಲಿ ಹೈನು ಇದೆ ಎಂದರೆ ಆ ಮನೆಯ ಮಕ್ಕಳು ಉಂಡುಟ್ಟು ಸುಖವಾಗಿದ್ದಾರೆ ಎಂದೇ ಊರವರು ತಿಳಿಯುತ್ತಿದ್ದರು. ಈಗಲೂ ಹಾಗೆ ತಿಳಿಯಬಹುದೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು ಮಾತು ಆರಂಭಿಸುತ್ತೇನೆ.

ನೀವು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಯವರಾಗಿದ್ದರೆ ನಿಮ್ಮ ಓಣಿಯಲ್ಲಿ ಎಮ್ಮೆ, ಆಕಳು ಇರುವ ಮನೆಗಳು ಇದ್ದೇ ಇರುತ್ತವೆ. ಕುಂದಗೋಳ, ನವಲಗುಂದ ಸೀಮೆಯ ಎರೆಭೂಮಿಯಲ್ಲಿ ಹರಿದು ಮಲಪ್ರಭೆಯನ್ನು ಸೇರುವ ಹಳ್ಳಕ್ಕೆ ಜನ ಇಟ್ಟ ಹೆಸರೇ ಬೆಣ್ಣಿಹಳ್ಳ. ಕಲಘಟಗಿಯ ಕಾಡಂಚಿನಲ್ಲಿ ಎಮ್ಮೆ ಸಾಕುವುದನ್ನೇ ಬಾಳಿನ ದಾರಿ ಮಾಡಿಕೊಂಡ ಗೌಳಿಗರ ದಡ್ಡಿಗಳಿವೆ. ನಮ್ಮ ಸೀಮೆಯ ಧಾರವಾಡಿ ಎಮ್ಮೆಯನ್ನು ದೇಶದ ಒಂದು ಪ್ರತ್ಯೇಕ ತಳಿಯೆಂದು 2021ರಲ್ಲಿ ಅಧಿಕೃತವಾಗಿ ದಾಖಲಿಸಲಾಯಿತು. ಧಾರವಾಡದ ಪೇಡೆಯ ಹೆಸರು ಕೇಳದವರಿಲ್ಲ. ಇಂಥ ನಾಡಿನಲ್ಲಿ ಹಾಲಿನ ಬಗೆಗೆ ಹೇಳಲು ಏನಿದೆ ಎಂದು ನಿಮಗೆ ಅನ್ನಿಸಬಹುದು. ಹೇಳಬೇಕಾದದ್ದು ಇಷ್ಟೆ: ಹಾಲು ಊರಿನಲ್ಲಿ ಇರುವುದು ಬೇರೆ, ಅದು ನಿಮ್ಮ ಗಂಗಾಳಕ್ಕೆ ಬರುವುದು ಬೇರೆ.

ಮೊದಲು ಹಾಲಿನಲ್ಲಿ ಏನಿದೆ ಎಂಬುದನ್ನು ನೋಡೋಣ. ಆಕಳ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ, ಎಮ್ಮೆಯ ಹಾಲಿನಲ್ಲಿ ಸುಮಾರು 82 ಭಾಗ ನೀರೇ. ಉಳಿದ ಅಲ್ಪ ಭಾಗದಲ್ಲಿಯೇ ಹಾಲಿನ ಸಂಪತ್ತೆಲ್ಲ ಅಡಗಿದೆ. ಮೈ ಬೆಳೆಯಲು ಬೇಕಾದ ಪ್ರೋಟೀನು, ಶಕ್ತಿ ಕೊಡುವ ಕೊಬ್ಬು, ಹಾಲಿನದೇ ಆದ ಲ್ಯಾಕ್ಟೋಸ್ ಎಂಬ ಸಕ್ಕರೆ, ಎಲುಬು ಹಲ್ಲುಗಳಿಗೆ ಬೇಕಾದ ಸುಣ್ಣದ ಅಂಶ ಅಂದರೆ ಕ್ಯಾಲ್ಸಿಯಂ, ರಂಜಕ, 'ಎ' ಜೀವಸತ್ವ, 'ಬಿ' ಗುಂಪಿನ ಜೀವಸತ್ವಗಳು ಅದರಲ್ಲಿವೆ. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಆರೇಳು ಭಾಗ ಕೊಬ್ಬಿದ್ದರೆ ಆಕಳ ಹಾಲಿನಲ್ಲಿ ಸುಮಾರು ನಾಲ್ಕು ಭಾಗ. ಎಮ್ಮೆಯ ಹಾಲು ಗಟ್ಟಿ, ಅದರ ಮೊಸರು ಕೊಯ್ದರೆ ಹೋಳಾಗುವಂತೆ ಇರುವುದು ಇದರಿಂದಲೇ. 'ಬಿ-12' ಎಂಬ ಜೀವಸತ್ವ ಕಾಳುಕಡಿ, ಕಾಯಿಪಲ್ಲೆಗಳಲ್ಲಿ ಸಿಗುವುದಿಲ್ಲ. ಮಾಂಸ, ಮೀನು, ಮೊಟ್ಟೆ ತಿನ್ನದ ಮನೆಗಳಿಗೆ ಅದು ದೊರೆಯುವ ಮುಖ್ಯ ದಾರಿ ಹಾಲು ಮೊಸರುಗಳೇ. ರಕ್ತಕ್ಕೂ ನರಗಳಿಗೂ ಅದು ಬೇಕೇ ಬೇಕು.

ಆದರೆ ಹಾಲು ಪರಿಪೂರ್ಣ ಆಹಾರ ಎಂಬ ಮಾತನ್ನು ಪೂರ್ತಿ ನಂಬಬೇಡಿರಿ. ಅದರಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, 'ಸಿ' ಜೀವಸತ್ವ ಕಡಿಮೆ, ನಾರಂತೂ ಇಲ್ಲವೇ ಇಲ್ಲ. ಹಾಲನ್ನೇ ಕುಡಿದು ಬದುಕುತ್ತೇನೆ ಎನ್ನುವವನಿಗೆ ರಕ್ತಹೀನತೆ ಬರುವುದು ಖಂಡಿತ. ಹಾಲು ಒಬ್ಬಂಟಿಯಾಗಿ ಅಷ್ಟು ದೊಡ್ಡದಲ್ಲ. ರೊಟ್ಟಿಯ ಜೊತೆ ಸೇರಿದಾಗ ಅದರ ದೊಡ್ಡತನ ತಿಳಿಯುತ್ತದೆ.

ಅದು ಹೇಗೆ? ನಮ್ಮ ಸೀಮೆಯ ಮುಖ್ಯ ಆಹಾರ ಜೋಳದ ರೊಟ್ಟಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇದೆ. ಇದೇನು ಸಣ್ಣ ಪ್ರಮಾಣವಲ್ಲ. ಆದರೆ ಪ್ರೋಟೀನು ಎಂಬುದು ಒಂದೇ ವಸ್ತುವಲ್ಲ; ಅಮೈನೋ ಆಮ್ಲಗಳೆಂಬ ಹಲವು ಮಣಿಗಳನ್ನು ಪೋಣಿಸಿದ ಸರ. ಅವುಗಳಲ್ಲಿ ಕೆಲವನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಜೋಳದಲ್ಲಿ ಇವುಗಳಲ್ಲೊಂದಾದ ಲೈಸಿನ್ ಬಹಳ ಕಡಿಮೆ. ಕಂಠ ಒಡೆದ ಗಡಿಗೆಗೆ ಎಷ್ಟು ನೀರು ಸುರಿದರೂ ಒಡೆದ ಮಟ್ಟದವರೆಗೆ ಮಾತ್ರ ನೀರು ನಿಲ್ಲುತ್ತದೆ, ಅಲ್ಲವೆ? ಹಾಗೆಯೇ ಲೈಸಿನ್ ಕೊರತೆಯಿಂದ ಜೋಳದ ಉಳಿದ ಪ್ರೋಟೀನು ಕೂಡ ಪೂರ್ತಿಯಾಗಿ ಉಪಯೋಗಕ್ಕೆ ಬರುವುದಿಲ್ಲ. ಹಾಲಿನ ಪ್ರೋಟೀನಿನಲ್ಲಿ ಲೈಸಿನ್ ಧಾರಾಳವಾಗಿದೆ. ರೊಟ್ಟಿಯ ಜೊತೆ ಒಂದು ಬಟ್ಟಲು ಮೊಸರು ತಿಂದರೆ ಮೊಸರು ತನ್ನ ಪಾಲನ್ನು ಕೊಡುವುದಲ್ಲದೆ ರೊಟ್ಟಿಯ ಬೆಲೆಯನ್ನೂ ಹೆಚ್ಚಿಸುತ್ತದೆ. ಬೇಳೆಕಾಳುಗಳೂ ಇದೇ ಕೆಲಸ ಮಾಡುತ್ತವೆ. ನಮ್ಮ ಎರೆಹೊಲದ ಹೆಸರು, ತೊಗರಿ, 'ಅಣ್ಣಿಗೇರಿ-1' ಎಂಬ ತಳಿಯಿಂದ ದೇಶದಲ್ಲೆಲ್ಲ ಹೆಸರಾದ ಕಡಲೆ ಇವೆಲ್ಲ ಲೈಸಿನ್ ಇರುವ ಕಾಳುಗಳೇ. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಈ ಮೂರು ಕೂಡಿದ ಊಟವನ್ನು ನಮ್ಮ ಹಿರಿಯರು ಪುಸ್ತಕ ಓದಿ ಕಂಡುಕೊಂಡದ್ದಲ್ಲ. ಆದರೆ ಪುಸ್ತಕ ಅದನ್ನು ಒಪ್ಪುತ್ತದೆ.

ಇದಕ್ಕೊಂದು ಕಹಿಯಾದ ಸಾಕ್ಷ್ಯವೂ ಇದೆ. ದಖ್ಖನಿನ ಜೋಳ ತಿನ್ನುವ ಬಡಜನರಲ್ಲಿ ಒಂದು ಕಾಲಕ್ಕೆ 'ಪೆಲಾಗ್ರಾ' ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ತಾಗುವ ಕೈ, ಕಾಲು, ಕುತ್ತಿಗೆಗಳ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಮಂಕು ಇವು ಅದರ ಲಕ್ಷಣಗಳು. ನಯಾಸಿನ್ ಎಂಬ 'ಬಿ' ಜೀವಸತ್ವದ ಕೊರತೆಯೇ ಅದರ ಮೂಲ. ಜೋಳವನ್ನೇ ತಿನ್ನುವವರಿಗೆ ಅದು ಯಾಕೆ ಬರುತ್ತದೆ ಎಂಬುದನ್ನು ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಅಭ್ಯಾಸ ಮಾಡಿದರು. ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಬೆಳೆಸಿದವರು ಇವರೇ. ಹಾಲಿನಲ್ಲಿ ನಯಾಸಿನ್ ಹೆಚ್ಚಿಲ್ಲ. ಆದರೆ ಟ್ರಿಪ್ಟೋಫೇನ್ ಎಂಬ ಅಮೈನೋ ಆಮ್ಲ ಇದೆ. ದೇಹ ಅದರಿಂದ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಅಂದರೆ ಬರೀ ರೊಟ್ಟಿ ಖಾರ ತಿಂದವನಿಗೂ, ರೊಟ್ಟಿಯ ಸಂಗಡ ಹೈನು, ಕಾಳು ಕಂಡವನಿಗೂ ಇರುವ ಅಂತರ ರುಚಿಯದ್ದು ಮಾತ್ರವಲ್ಲ, ಆರೋಗ್ಯದ್ದು.

ಇನ್ನು ಸುಣ್ಣದ ಅಂಶದ ಮಾತು. ಮಿತ್ರರೆ, ಹಗೇವು ಎಂದರೆ ಏನೆಂದು ನಿಮ್ಮ ಅಜ್ಜನನ್ನು ಕೇಳಿರಿ. ಸುಗ್ಗಿಯ ಕಾಲಕ್ಕೆ ನೆಲದೊಳಗಿನ ಹಗೇವಿಗೆ ಜೋಳ ತುಂಬಿ ಮುಚ್ಚಿಡುತ್ತಿದ್ದರು; ಬರ ಬಂದಾಗ ತೆಗೆದು ಉಣ್ಣುತ್ತಿದ್ದರು. ನಮ್ಮ ಎಲುಬುಗಳು ಕ್ಯಾಲ್ಸಿಯಮ್ಮಿನ ಹಗೇವು. ಈ ಹಗೇವು ತುಂಬುವ ಸುಗ್ಗಿಯ ಕಾಲ ಯಾವುದು ಗೊತ್ತೆ? ನೀವು ಈಗ ಇರುವ ವಯಸ್ಸೇ. ಹತ್ತರಿಂದ ಇಪ್ಪತ್ತರವರೆಗಿನ ವಯಸ್ಸಿನಲ್ಲಿ ಅದರ ಬಹುಪಾಲು ತುಂಬಿ ಮುಗಿಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು. ಇಲ್ಲವಾದರೆ ಹೃದಯ, ಸ್ನಾಯು, ನರಗಳ ಕೆಲಸ ಕೆಡುತ್ತದೆ. ಊಟದಲ್ಲಿ ಕಡಿಮೆಯಾದಾಗ ದೇಹ ಎಲುಬಿನ ಹಗೇವಿನಿಂದ ತೆಗೆದುಕೊಳ್ಳುತ್ತದೆ. ಹೆಣ್ಣುಮಕ್ಕಳು ಬಸುರಿಯಾದಾಗ, ಮಗುವಿಗೆ ಹಾಲೂಡಿಸುವಾಗ, ಮುಟ್ಟು ನಿಂತ ಮೇಲೆ ಹಗೇವಿನಿಂದ ತೆಗೆಯುವುದೇ ಹೆಚ್ಚು. ಸುಗ್ಗಿಯಲ್ಲಿ ತುಂಬದ ಹಗೇವು ಬರಗಾಲದಲ್ಲಿ ಏನು ಕೊಟ್ಟೀತು? ಐವತ್ತಕ್ಕೇ ಬೆನ್ನು ಬಾಗುವುದು, ಸ್ವಲ್ಪ ಜಾರಿ ಬಿದ್ದರೂ ಎಲುಬು ಮುರಿಯುವುದು ಇಂಥ ಕಷ್ಟಗಳ ಬೀಜ ಬಿತ್ತುವುದು ಹದಿಹರೆಯದಲ್ಲಿಯೇ.

ಎಷ್ಟು ಬೇಕು ಎಂಬ ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ 10ರಿಂದ 12 ವರ್ಷದವರಿಗೆ ದಿನಕ್ಕೆ 850 ಮಿಲಿಗ್ರಾಂ, 13ರಿಂದ 15 ವರ್ಷದವರಿಗೆ 1000 ಮಿಲಿಗ್ರಾಂ, 16ರಿಂದ 18 ವರ್ಷದವರಿಗೆ 1050 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ಜೋಳದಲ್ಲಿ ಸಿಗುವುದು 30 ಮಿಲಿಗ್ರಾಮಿಗಿಂತ ಕಡಿಮೆ. ನೂರು ಮಿಲಿಲೀಟರು ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸಿಗುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 300 ಮಿಲಿಲೀಟರು ಹಾಲು ಅಥವಾ ಮೊಸರು ಇರಲಿ ಎನ್ನುತ್ತದೆ. ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಎಂದರೆ ಸರಿಸುಮಾರು ಅಷ್ಟಾಯಿತು. ಇದರಿಂದ ನಿಮ್ಮ ಅಗತ್ಯದ ಮೂರನೆಯ ಒಂದು ಪಾಲು ಒದಗುತ್ತದೆ. ಉಳಿದದ್ದು ಸೊಪ್ಪು, ಕಾಳು, ಎಳ್ಳುಗಳಿಂದ ಬರಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಅದು ಮಜ್ಜಿಗೆಯ ಲೆಕ್ಕ.

ಹಿಂದೆ ಹಳ್ಳಿಯ ಮನೆಯಲ್ಲಿ ಹಾಲು ಕಾಸಿ, ಹೆಪ್ಪು ಹಾಕಿ, ಬೆಳಗಿನ ಜಾವ ಕಡಗೋಲಿನಿಂದ ಕಡೆದು ಬೆಣ್ಣೆ ತೆಗೆಯುತ್ತಿದ್ದರು. ಬೆಣ್ಣೆ ಕಾಯಿಸಿ ತುಪ್ಪ ಮಾಡಿ ಸಂತೆಗೋ ಪೇಟೆಗೋ ಕಳಿಸುತ್ತಿದ್ದರು. ದುಡ್ಡು ಬರುತ್ತಿದ್ದುದು ತುಪ್ಪದಿಂದ. ಮಜ್ಜಿಗೆ ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು. ಅದನ್ನು ಮಾರುವುದು ಅನೇಕ ಊರುಗಳಲ್ಲಿ ಮರ್ಯಾದೆಯ ಮಾತಾಗಿರಲಿಲ್ಲ. ಎಮ್ಮೆಯಿಲ್ಲದ ಮನೆಯ ಮಕ್ಕಳು ಚರಗಿ ಹಿಡಿದು ಬಂದರೆ ತುಂಬಿಸಿ ಕಳಿಸುತ್ತಿದ್ದರು.

ಈ ವ್ಯವಸ್ಥೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಿರಿ. ಐದು ಲೀಟರು ಎಮ್ಮೆಯ ಹಾಲನ್ನು ಹೆಪ್ಪು ಹಾಕಿ ಕಡೆದರೆ ಅದರಲ್ಲಿದ್ದ 300 ಗ್ರಾಮಿಗೂ ಮಿಕ್ಕ ಕೊಬ್ಬಿನ ಬಹುಪಾಲು ಬೆಣ್ಣೆಯಾಗಿ ಮೇಲೆ ಬರುತ್ತದೆ. ಕೊಬ್ಬಿನ ಜೊತೆ 'ಎ' ಜೀವಸತ್ವವೂ ಹೋಗುತ್ತದೆ. ಆದರೆ ಪ್ರೋಟೀನು, ಕ್ಯಾಲ್ಸಿಯಂ, 'ಬಿ' ಜೀವಸತ್ವಗಳು ಹೆಚ್ಚು ಕಡಿಮೆ ಎಲ್ಲವೂ ಮಜ್ಜಿಗೆಯಲ್ಲಿಯೇ ನಿಲ್ಲುತ್ತವೆ. ಆ ಐದು ಲೀಟರಿನ ಕ್ಯಾಲ್ಸಿಯಂ ಕಡಿಮೆಯೆಂದರೂ 6 ಗ್ರಾಂ. ಅಂದರೆ ನಿಮ್ಮ ವಯಸ್ಸಿನ ಸುಮಾರು ಆರು ಜನರ ಒಂದು ದಿನದ ಪೂರ್ತಿ ಅಗತ್ಯ! ಪೇಟೆಗೆ ಹೋಗುತ್ತಿದ್ದುದು ಕೊಬ್ಬು. ಮನೆಯ ಮತ್ತು ನೆರೆಮನೆಯ ಮಕ್ಕಳಿಗೆ ಉಳಿಯುತ್ತಿದ್ದುದು ಮೈ ಕಟ್ಟುವ ವಸ್ತು. ದುಡ್ಡೂ ಬಂತು, ಪೋಷಣೆಯೂ ಉಳಿಯಿತು. ಬಡ ಮನೆಗಳಿಗೆ ದುಡ್ಡಿಲ್ಲದೆ ಸಿಗುತ್ತಿದ್ದ ಉತ್ತಮ ಪ್ರೋಟೀನು ಇದೇ ಆಗಿತ್ತು.

ಮುಂದೆ ಕಾಲ ಬದಲಾಯಿತು. 1946ರಲ್ಲಿ ಗುಜರಾತದ ಆಣಂದದಲ್ಲಿ ರೈತರ ಹಾಲಿನ ಸಹಕಾರ ಸಂಘ ಹುಟ್ಟಿತು. 1970ರಲ್ಲಿ ಡಾ. ವರ್ಗೀಸ್ ಕುರಿಯನ್ ಅವರ ಮುಂದಾಳುತನದಲ್ಲಿ 'ಆಪರೇಷನ್ ಫ್ಲಡ್' ಯೋಜನೆ ಆರಂಭವಾಗಿ ದೇಶದ ಹಳ್ಳಿಹಳ್ಳಿಗೆ ಡೇರಿಗಳು ಬಂದವು. ನಮ್ಮ ರಾಜ್ಯದಲ್ಲಿ ಹೈನು ಅಭಿವೃದ್ಧಿಯ ನಿಗಮ 1974ರಲ್ಲಿ ಸ್ಥಾಪನೆಯಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. 'ನಂದಿನಿ' ಎಂಬ ಹೆಸರು ಮನೆಮಾತಾಯಿತು. ಧಾರವಾಡದ ಹಾಲು ಒಕ್ಕೂಟ 1986ರಲ್ಲಿ ಹುಟ್ಟಿತು. ಲಕ್ಕಮನಹಳ್ಳಿಯಲ್ಲಿ ಅದರ ಡೇರಿ ಇದೆ. ಬೆಳಿಗ್ಗೆ ಸಂಜೆ ಸಂಘದ ಬಾಗಿಲಲ್ಲಿ ಸಾಲು ನಿಲ್ಲುವುದನ್ನು, ಹಾಲಿನ ಕೊಬ್ಬಿನ ಪರೀಕ್ಷೆ ಮಾಡಿ ದರ ಕಟ್ಟುವುದನ್ನು ನೀವು ನೋಡಿರುತ್ತೀರಿ.

ಡೇರಿಯಿಂದ ಆದ ಉಪಕಾರವನ್ನು ಮರೆಯುವಂತಿಲ್ಲ. ಮಳೆಯನ್ನೇ ನಂಬಿದ ಎರೆಭೂಮಿಯ ರೈತನಿಗೆ ಬೆಳೆಯ ದುಡ್ಡು ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಕೆಲವು ವರ್ಷ ಬರುವುದೂ ಇಲ್ಲ. ಹಾಲಿನ ಬಟವಾಡೆ ಮಾತ್ರ ತಪ್ಪದೆ ಬರುತ್ತದೆ. ನಿಮ್ಮಲ್ಲಿ ಎಷ್ಟೋ ಜನರ ಪುಸ್ತಕ, ಬಸ್ ಪಾಸು, ಪರೀಕ್ಷೆಯ ಫೀ ಆ ದುಡ್ಡಿನಿಂದಲೇ ಆಗಿರಬಹುದು. ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬಂದದ್ದೂ ಇದರಿಂದಲೇ. ನಡುವಿನ ದಲ್ಲಾಳಿಗಳ ಕಾಟ ತಪ್ಪಿತು. 1998ರಲ್ಲಿ ಭಾರತ ಜಗತ್ತಿನಲ್ಲಿಯೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶವಾಯಿತೆಂದರೆ ಅದರ ಹಿಂದೆ ಇಂಥ ಸಾವಿರಾರು ಹಳ್ಳಿಗಳ ದುಡಿಮೆ ಇದೆ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ತುಪ್ಪ ಮಾರಿದಾಗ ಕೊಬ್ಬು ಮಾತ್ರ ಮನೆ ಬಿಟ್ಟು ಹೋಗುತ್ತಿತ್ತು. ಹಾಲನ್ನೇ ಮಾರಿದಾಗ ಎಲ್ಲವೂ ಹೋಗುತ್ತದೆ. ಕಡಗೋಲು ಗೋಡೆಗೆ ಸೇರಿತು. ಮಜ್ಜಿಗೆಯ ಗಡಿಗೆ ಬರಿದಾಯಿತು. ನೆರೆಮನೆಯ ಚರಗಿ ಬರುವುದು ನಿಂತಿತು. ಅನೇಕ ಮನೆಗಳಲ್ಲಿ ಚಹಾಕ್ಕೆ ಬೇಕಾದ ಒಂದಿಷ್ಟು ಹಾಲನ್ನು ತೆಗೆದಿಟ್ಟು ಉಳಿದದ್ದನ್ನೆಲ್ಲ ಸಂಘಕ್ಕೆ ಹಾಕುತ್ತಾರೆ. ಮೊಸರು ಬೇಕಾದಾಗ ಅಂಗಡಿಯ ಪಾಕೀಟು ತರುತ್ತಾರೆ. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆ ಎಂಬ ಗಾದೆ ಇಂಥ ಕಡೆ ನೆನಪಾಗುತ್ತದೆ. ಇನ್ನು ಎಮ್ಮೆಯೂ ಇಲ್ಲ, ಹೊಲವೂ ಇಲ್ಲದ ಕೂಲಿಕಾರರ ಮನೆಗೆ ಮೊದಲು ಬಿಟ್ಟಿ ಬರುತ್ತಿದ್ದ ಮಜ್ಜಿಗೆ ಈಗ ದುಡ್ಡು ಕೊಟ್ಟರೆ ಮಾತ್ರ.

ಹೊಲದ ಕಡೆಯಿಂದಲೂ ಒಂದು ಪೆಟ್ಟು ಬಿತ್ತು. ಜೋಳ ಬೆಳೆದರೆ ಮನುಷ್ಯನಿಗೆ ಕಾಳು, ದನಕ್ಕೆ ಕಣಿಕೆ ಸಿಗುತ್ತದೆ. ಹತ್ತಿ, ಮೆಣಸಿನಕಾಯಿಯಂಥ ದುಡ್ಡಿನ ಬೆಳೆಗಳಲ್ಲಿ ದನಕ್ಕೆ ಅಂಥ ಮೇವು ಇಲ್ಲ. ಕಣಿಕೆಯ ಬಣವೆ ಸಣ್ಣದಾದ ಹಾಗೆ ಕೊಟ್ಟಿಗೆಯೂ ಸಣ್ಣದಾಗುತ್ತದೆ. ಬರಗಾಲದ ವರ್ಷ ಮೇವಿಲ್ಲದೆ ಮಾರಿದ ಎಮ್ಮೆಯನ್ನು ಮತ್ತೆ ಕೊಳ್ಳುವುದು ಸುಲಭವಲ್ಲ. ಹೀಗೆ ರೊಟ್ಟಿಗೂ ಮಜ್ಜಿಗೆಗೂ ಇರುವ ನಂಟು ಗಂಗಾಳದಲ್ಲಿ ಮಾತ್ರವಲ್ಲ, ಹೊಲದಲ್ಲಿಯೂ ಇದೆ.

ಹಾಗಾದರೆ ಡೇರಿಗೆ ಹಾಲು ಹಾಕಬಾರದೆ? ಹಾಗಲ್ಲ. ಹಾಕಬೇಕು, ಆದರೆ ಮನೆಯ ಪಾಲು ತೆಗೆದಿಟ್ಟು ಹಾಕಬೇಕು. ಕರುವಿನ ಪಾಲು ಬಿಟ್ಟು ಕರೆಯುವುದು ಹೇಗೆ ಧರ್ಮವೋ, ಮಕ್ಕಳ ಪಾಲು ಬಿಟ್ಟು ಮಾರುವುದೂ ಹಾಗೆಯೇ ಧರ್ಮ.

ಡೇರಿಗೆ ಹೋದ ಹಾಲು ಇನ್ನೊಂದು ದಾರಿಯಿಂದ ನಿಮ್ಮ ಬಳಿಗೆ ಮರಳಿಯೂ ಬಂದಿದೆ. ರಾಜ್ಯ ಸರಕಾರ 2013ರ ಆಗಸ್ಟ್ 1ರಂದು 'ಕ್ಷೀರಭಾಗ್ಯ' ಯೋಜನೆಯನ್ನು ಆರಂಭಿಸಿತು. ಸರಕಾರಿ ಮತ್ತು ಅನುದಾನಿತ ಶಾಲೆಗಳ, ಅಂಗನವಾಡಿಗಳ ಮಕ್ಕಳಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರು ಹಾಲು ಕೊಡುವುದು ಇದರ ಕ್ರಮ. ಮೊದಲು ವಾರಕ್ಕೆ ಮೂರು ದಿನ ಇದ್ದದ್ದು 2017ರಲ್ಲಿ ಐದು ದಿನವಾಯಿತು. 2024ರಲ್ಲಿ ಕೆಲವು ದಿನ ಹಾಲಿಗೆ ರಾಗಿಯ ಮಿಶ್ರಣ ಬೆರೆಸಿ ಕೊಡುವ ಕ್ರಮವೂ ಸೇರಿತು. ಆ ಒಂದು ಲೋಟದಿಂದ ಹದಿಮೂರು ವರ್ಷದ ಹುಡುಗಿಗೆ ದಿನದ ಕ್ಯಾಲ್ಸಿಯಂ ಅಗತ್ಯದ ಸುಮಾರು ಆರನೆಯ ಒಂದು ಪಾಲು ಸಿಗುತ್ತದೆ. ಅದನ್ನು ಚೆಲ್ಲಬೇಡಿರಿ, ಹಾಲಿನ ಪುಡಿಯ ವಾಸನೆ ಎಂದು ಮೂಗು ಮುರಿಯಬೇಡಿರಿ.

ಕಾಲೇಜು ವಿದ್ಯಾರ್ಥಿಗಳೆ, ನಿಮಗೊಂದು ಮಾತು. ಶಾಲೆಯ ಹಾಲು ನಿಮ್ಮ ಕಾಲೇಜಿಗೆ ಬರುವುದಿಲ್ಲ. ಆದರೆ ಮೇಲಿನ ಲೆಕ್ಕದಲ್ಲಿ ಅತಿ ಹೆಚ್ಚು ಬೇಕಾದದ್ದು 16ರಿಂದ 18 ವರ್ಷದವರಿಗೇ! ನಸುಕಿನಲ್ಲಿ ಎದ್ದು ಒಂದು ಕಪ್ಪು ಚಹಾ ಕುಡಿದು ಹುಬ್ಬಳ್ಳಿ ಧಾರವಾಡದ ಬಸ್ಸು ಹಿಡಿಯುವವರು ನೀವು. ಮಧ್ಯಾಹ್ನ ಮಿರ್ಚಿ ಭಜಿ, ಮತ್ತೊಂದು ಕಪ್ಪು ಚಹಾ. ಸಂಜೆ ಮನೆಗೆ ಬರುವ ಹೊತ್ತಿಗೆ ಹಾಲೆಲ್ಲ ಸಂಘಕ್ಕೆ ಹೋಗಿರುತ್ತದೆ. ಎಲುಬಿನ ಹಗೇವು ತುಂಬುವ ಕಡೆಯ ಸುಗ್ಗಿ ಹೀಗೆ ಕಳೆದುಹೋಗುತ್ತದೆ. ಅದರಲ್ಲಿಯೂ ಹೆಣ್ಣುಮಕ್ಕಳು. ಗಂಡಸರಿಗೆ, ಸಣ್ಣ ಹುಡುಗರಿಗೆ ಬಡಿಸಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ರೂಢಿ ಇನ್ನೂ ಅನೇಕ ಮನೆಗಳಲ್ಲಿದೆ. ಎಮ್ಮೆಗೆ ಮೇವು ಹಾಕಿ, ಸಗಣಿ ಬಳಿದು, ಹಾಲು ಹಿಂಡುವ ಕೈಗಳೇ ಹಾಲು ಕಾಣದಿರುವುದು ನ್ಯಾಯವಲ್ಲ, ಆರೋಗ್ಯವೂ ಅಲ್ಲ.

ಹೈನಿನ ಪದಾರ್ಥಗಳೆಲ್ಲ ಒಂದೇ ಎಂದು ತಿಳಿಯುವುದೂ ತಪ್ಪು. ತುಪ್ಪ ಎಂದರೆ ಬಹುತೇಕ ಕೊಬ್ಬೇ. ಬಿಸಿ ರೊಟ್ಟಿಗೆ, ಅನ್ನಕ್ಕೆ ಒಂದು ಚಮಚ ತುಪ್ಪ ರುಚಿ ಕೊಡುತ್ತದೆ, ಬೆಳೆಯುವ ಮಗುವಿಗೆ ಶಕ್ತಿ ಕೊಡುತ್ತದೆ. ಆದರೆ ಅದರಲ್ಲಿ ಪ್ರೋಟೀನೂ ಇಲ್ಲ, ಸುಣ್ಣದ ಅಂಶವೂ ಇಲ್ಲ. ಹೊಲದ ದುಡಿಮೆಯಿಲ್ಲದೆ ಕುಳಿತು ಕೆಲಸ ಮಾಡುವವರು, ಹೃದಯದ ತೊಂದರೆ ಇರುವವರು ಕೈ ಬಿಗಿ ಹಿಡಿಯಬೇಕು. ಇನ್ನು ಪೇಡೆ. ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನ ಧಾರವಾಡದಲ್ಲಿ ಆರಂಭಿಸಿದ ಈ ಸಿಹಿಗೆ ಇಂದು ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಸುಮಾರು ಐದು ಲೀಟರು ಎಮ್ಮೆಯ ಹಾಲು ಬತ್ತಿಸಿದರೆ ಒಂದು ಕಿಲೊ ಖೋವಾ ಆಗುತ್ತದೆ. ಅದಕ್ಕೆ ಸಕ್ಕರೆ ಸೇರಿ ಪೇಡೆಯಾಗುತ್ತದೆ. ಅದು ಹಬ್ಬಕ್ಕೆ, ಪರೀಕ್ಷೆ ಪಾಸಾದ ಸಂತೋಷಕ್ಕೆ ಇರುವ ತಿನಿಸು. ದಿನದ ಹಾಲಿಗೆ ಬದಲಿಯಲ್ಲ. ಚಹಾವೂ ಅಷ್ಟೆ. ಒಂದು ಕಪ್ಪಿನಲ್ಲಿ ಬೀಳುವ ಎರಡು ಚಮಚ ಹಾಲನ್ನು ಹಾಲೆಂದು ಎಣಿಸಬೇಡಿರಿ. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು ಕಾಳುಗಳ ಕಬ್ಬಿಣದ ಅಂಶ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರವಿರಲಿ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಗುಡುಗುಡು ಎನ್ನುತ್ತದೆ ಎಂದು ಕೆಲವರು ಹೇಳುತ್ತಾರೆ. ಇದು ಸುಳ್ಳಲ್ಲ. ಹಾಲಿನ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಎಳವೆಯಲ್ಲಿ ಎಲ್ಲರಲ್ಲಿಯೂ ಇರುತ್ತದೆ. ದೊಡ್ಡವರಾದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ದಕ್ಷಿಣ ಭಾರತದಲ್ಲಿ ಇಂಥವರು ಅನೇಕರಿದ್ದಾರೆ. ಅವರಿಗೆ ಉಪಾಯ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಹೆಪ್ಪಿನಲ್ಲಿರುವ ಸೂಕ್ಷ್ಮಾಣುಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಿಂದು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ. ಮೊಸರು ಹುಳಿಯಾಗುವುದು ಇದರಿಂದಲೇ. ಹಾಲು ಒಗ್ಗದವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ.

ಮಜ್ಜಿಗೆಯ ಬಗೆಗೂ ಒಂದು ಎಚ್ಚರಿಕೆ. ಒಂದು ಸೌಟು ಮೊಸರಿಗೆ ಒಂದು ಕೊಡ ನೀರು ಹಾಕಿ ಅದನ್ನು ಪೋಷಣೆ ಎನ್ನಲಾಗದು. ನೀರುಮಜ್ಜಿಗೆ ಬಿಸಿಲಿಗೆ, ನೀರಡಿಕೆಗೆ ಒಳ್ಳೆಯದು. ಉಪ್ಪು ಸೇರಿದರೆ ಬೆವರಿನಲ್ಲಿ ಹೋದ ಉಪ್ಪನ್ನೂ ತುಂಬಿಕೊಡುತ್ತದೆ. ಮೈ ಕಟ್ಟಲು ಬೇಕಾದರೆ ಒಂದು ಪಾಲು ಮೊಸರಿಗೆ ಒಂದೆರಡು ಪಾಲಿಗಿಂತ ಹೆಚ್ಚು ನೀರು ಬೇಡ. ಜೋಳದ ನುಚ್ಚಿಗೆ ಗಟ್ಟಿ ಮಜ್ಜಿಗೆ ಕಲಸಿ ಉಣ್ಣುವ ರೂಢಿ ಇದ್ದ ಮನೆಯವರು ಅದನ್ನು ಬಿಡಬೇಡಿರಿ.

ಹಾಲು ಕಾಸದೆ ಕುಡಿಯುವ ಚಟ ಬೇಡ. ಹಿಂಡಿದ ಕೂಡಲೇ ನೊರೆಹಾಲು ಕುಡಿದರೆ ಬಲ ಬರುತ್ತದೆ ಎಂಬ ನಂಬಿಕೆ ಇದೆ. ದನಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲೋಸಿಸ್ ಜ್ವರ, ಒಂದು ಬಗೆಯ ಕ್ಷಯ ಇವು ಬರುವುದು ಹಸಿ ಹಾಲಿನಿಂದ. ಕುದಿಸಿದರೆ ಆ ಸೂಕ್ಷ್ಮಾಣುಗಳು ಸಾಯುತ್ತವೆ. ಇನ್ನು ಎಳೆ ಮಗುವಿಗೆ ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಎಮ್ಮೆಯದೂ ಬೇಡ, ಆಕಳದೂ ಬೇಡ. ಈ ಮಾತನ್ನು ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ತಿಳಿಸಿ ಹೇಳಿರಿ.

ಹಾಲು ಕೊಳ್ಳಲು ಆಗದವರು, ಹಾಲು ಬೇಡವೆನ್ನುವವರು ಕೈಚೆಲ್ಲಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಎಳ್ಳಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಗುರೆಳ್ಳು ಚಟ್ನಿ, ನುಗ್ಗೆ ಸೊಪ್ಪು, ರಾಜಗಿರಿ, ಮೆಂತ್ಯೆ ಪಲ್ಯ ಎಲ್ಲವೂ ಒಂದಿಷ್ಟು ಕೊಡುತ್ತವೆ. ಮೈಗೆ ಬಿಸಿಲು ತಾಗಿದರೆ ತಯಾರಾಗುವ 'ಡಿ' ಜೀವಸತ್ವ ಈ ಸುಣ್ಣವನ್ನು ಎಲುಬಿಗೆ ಸೇರಿಸುತ್ತದೆ. ಹೊರಗೆ ಆಡಿರಿ, ಓಡಿರಿ.

ಕೊನೆಗೆ ನಿಮಗೊಂದು ಕೆಲಸ ಕೊಡುತ್ತೇನೆ. ಒಂದು ವಾರ ನಿಮ್ಮ ಮನೆಯ ಹಾಲಿನ ಲೆಕ್ಕ ಬರೆಯಿರಿ. ಎಷ್ಟು ಹಿಂಡಿತು ಅಥವಾ ಎಷ್ಟು ಕೊಂಡಿತು, ಸಂಘಕ್ಕೆ ಎಷ್ಟು ಹೋಯಿತು, ಚಹಾಕ್ಕೆ ಎಷ್ಟು, ಹೆಪ್ಪಿಗೆ ಎಷ್ಟು. ಅಪ್ಪ, ಅವ್ವ, ಅಜ್ಜಿ, ಅಕ್ಕ, ತಮ್ಮ, ನೀವು, ಯಾರ ಗಂಗಾಳಕ್ಕೆ ಎಷ್ಟು ಬಿತ್ತು. ನೋಟಬುಕ್ಕಿನಲ್ಲಿ ಒಂದು ಪುಟ ಸಾಕು. ವಾರದ ಕೊನೆಗೆ ಆ ಪುಟವನ್ನು ಅವ್ವನ ಮುಂದೆ ಓದಿರಿ. ಯಾರ ಹೆಸರಿನ ಮುಂದೆ ಸೊನ್ನೆ ಇದೆ ಎಂದು ಎಲ್ಲರೂ ಕೂಡಿ ನೋಡಿರಿ. ಅದು ಅವ್ವನ ಹೆಸರೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಮರುದಿನದಿಂದ ಕ್ಯಾನಿಗೆ ಹಾಲು ಸುರಿಯುವ ಮೊದಲು ಒಂದು ಲೀಟರು ಹಾಲು ಹೆಪ್ಪಿನ ಗಡಿಗೆಗೆ ಹೋಗಲಿ. ಅದರಿಂದ ಸಂಘದ ಬಟವಾಡೆ ಕೊಂಚ ಕಡಿಮೆಯಾದೀತು, ನಿಜ. ಆದರೆ ಆ ಗಡಿಗೆಯ ಮೊಸರು ನಿಮ್ಮ ಅಕ್ಕನ ಎಲುಬಿನಲ್ಲಿ, ತಮ್ಮನ ಎತ್ತರದಲ್ಲಿ, ಅವ್ವನ ಮುಪ್ಪಿನಲ್ಲಿ ಜಮೆಯಾಗುತ್ತದೆ. ಗಡಿಗೆಯಲ್ಲಿ ಮಜ್ಜಿಗೆ ಉಳಿದ ದಿನ ಎಮ್ಮೆಯಿಲ್ಲದ ನೆರೆಮನೆಗೂ ಒಂದು ಚರಗಿ ಕೊಟ್ಟು ಬನ್ನಿರಿ.